ಶರಣಬಸಪ್ಪನ ಟಿವಿ ವ್ರತ

ಆ ಭಾನುವಾರ ಸಂಜೆ ತಾರಸಿಯ ಮೇಲಿನ ನೀರಿನ ಟಾಕಿ ತುಂಬಿ ಹರಿಯದೇ ಇದ್ದಿದ್ದರೆ ಶರಣಬಸಪ್ಪ ಎಲ್ಲರ ಹಾಗೆ ಮನೆಯಲ್ಲಿ ಕೂತು ಟಿವಿಯಲ್ಲಿ ತನ್ನ ಹೆಂಡತಿಯನ್ನು ನೋಡಿಕೊಂಡು ಇರುತ್ತಿದ್ದ. ಆದರೆ ಟಾಕಿ ಹರಿಯಿತು. ಪಕ್ಕದ ಮನೆಯ ಭುವನೇಶ್ವರಿ ಮೆಟ್ಟಿಲ ಮೇಲೆ ನಿಂತು, "ತಮ್ಮಾ ಬಸಪ್ಪಾ, ವಾಲ್ವ್ ಕೆಟ್ಟೈತಿ, ನೀರೆಲ್ಲಾ ಹಾಳಾಗಾಕತ್ತೈತಿ, ಲಗೂನ ಮ್ಯಾಲ ಬಾರೋ!" ಎಂದು ಹುಯಿಲೆಬ್ಬಿಸಿದಳು. ಮುಂಬಯಿಯ ಗೋರೆಗಾಂವಿನ ಆ ಬಿಲ್ಡಿಂಗಿನಲ್ಲಿ ಪ್ಲಂಬರ್ ಎಂದರೆ ಅವನೊಬ್ಬನೇ. ನಟ್ಟು ತಿರುವುವ ಪಾನಾ ಹಿಡಿದು ಓಡಿದ. ತೋಳಿನವರೆಗೆ ಟಾಕಿಯೊಳಗೆ ಕೈ ಅದ್ದಿ ನಿಂತಿದ್ದಾಗ ಕೆಳಗಿನ ಮಹಡಿಗಳಿಂದ ಒಮ್ಮೆಗೇ ಕೂಗು ಎದ್ದಿತು: ಹಾಲವ್ವ ಉಳಿದಳು!

ಹಾಲವ್ವ ಅವನ ಹೆಂಡತಿ. ಉಳಿದದ್ದು 'ಏಕ್ ಹೀ ಚಾವಿ' ಎಂಬ ಹಿಂದಿ ರಿಯಾಲಿಟಿ ಶೋದ ಮೊದಲ ವಾರದಲ್ಲಿ. ಫಿಲ್ಮ್ ಸಿಟಿಯೊಳಗೆ ಒಂದು ಮನೆಯ ಸೆಟ್ಟು ಹಾಕಿ, ನಾನಾ ಊರುಗಳ ಗೃಹಿಣಿಯರನ್ನು ಅದರಲ್ಲಿ ಕೂಡಿಹಾಕಿದ್ದರು. ಭಾನುವಾರ ಸಂಜೆಗೊಮ್ಮೆ ಪ್ರಸಾರ; ಜನ ಮತ ಹಾಕಬೇಕು, ಕಡಿಮೆ ಮತ ಬಿದ್ದವಳು ಅಂದೇ ಗಂಟುಮೂಟೆ ಕಟ್ಟಬೇಕು. ಕೊನೆಗೆ ಉಳಿದವಳಿಗೆ ಒಂದು ಫ್ಲ್ಯಾಟಿನ ಕೀಲಿಕೈ. ಮುಂಬಯಿಯಲ್ಲಿ ಸ್ವಂತ ಫ್ಲ್ಯಾಟು! ಬಾಡಿಗೆಯ ಒಂದೇ ಕೋಣೆಯಲ್ಲಿ ಸಂಸಾರ ಮಾಡಿದ ಶರಣಬಸಪ್ಪ ಕನಸಿನಲ್ಲಿ ಕೂಡ ಅಷ್ಟು ದೂರ ಹೋದವನಲ್ಲ.

ಟಾಕಿಯ ಬಳಿಗೆ ಏದುಸಿರು ಬಿಡುತ್ತ ಬಂದ ಭುವನೇಶ್ವರಿ ಸೊಂಟದ ಮೇಲೆ ಕೈಯಿಟ್ಟು ತೀರ್ಪು ಕೊಟ್ಟಳು: "ನೀ ನೋಡಲಿಲ್ಲ ತಮ್ಮಾ, ಅದಕ್ಕ ಅಕಿ ಉಳದಾಳ."

ಕ್ರಿಕೆಟ್ ನಡೆಯುವಾಗ ವಿಕೆಟ್ ಬೀಳದಿದ್ದರೆ ಕೂತವರು ಏಳಕೂಡದು, ನಿಂತವರು ಕೂರಕೂಡದು ಎಂಬ ಶಾಸ್ತ್ರ ಆ ಬಿಲ್ಡಿಂಗಿನಲ್ಲಿ ಮೊದಲಿನಿಂದಲೂ ಇತ್ತು. ಅದನ್ನೇ ಈಗ ಶರಣಬಸಪ್ಪನಿಗೆ ಅನ್ವಯಿಸಿದರು. ಮುಂದಿನ ಭಾನುವಾರವೂ ಅವನನ್ನು ತಾರಸಿಗೆ ಅಟ್ಟಿದರು, ಹಾಲವ್ವ ಮತ್ತೆ ಉಳಿದಳು. ಆಮೇಲೆ ಅದು ಕಾನೂನೇ ಆಯಿತು. ಟಿವಿ ನೋಡಬಾರದು, ಮೊಬೈಲಿನಲ್ಲಿ ತುಣುಕು ನೋಡಬಾರದು, ಯಾರಾದರೂ ಹೇಳಿದರೆ ಕಿವಿ ಮುಚ್ಚಿಕೊಳ್ಳಬೇಕು. ಬಿಲ್ಡಿಂಗಿನವರು ಅವನನ್ನು ಕಂಡರೆ ಸಾಕು, ರಿಮೋಟಿಗೆ ಹಾರುತ್ತಿದ್ದರು.

ಶರಣಬಸಪ್ಪನಿಗೆ ಇದರಿಂದ ಬೇಸರವಾಯಿತೆಂದು ತಿಳಿಯಬೇಡಿ. ಒಳಗೊಳಗೇ ಅವನು ಉಬ್ಬಿಹೋಗಿದ್ದ. ಜೀವಮಾನದಲ್ಲಿ ಮೊದಲ ಸಲ, ಏನೂ ಮಾಡದೇ ಒಂದು ದೊಡ್ಡ ಕೆಲಸ ಮಾಡುತ್ತಿದ್ದೇನೆ ಎಂಬ ಭಾವ ಅವನಿಗೆ ಬಂದಿತ್ತು.

"ಎಂತ ನಸೀಬು ಮಾರಾಯ್ರೆ," ಎಂದು ಕೆಳಗಿನ ಕ್ಯಾಂಟೀನಿನ ಚೆನ್ನಯ ರೇಗುತ್ತಿದ್ದ. ಉಡುಪಿ ಕಡೆಯ ಅವನಿಗೆ ಇಡ್ಲಿ ಬೇಯಿಸುವುದಕ್ಕಿಂತ ವಾದ ಮಾಡುವುದರಲ್ಲಿ ಹೆಚ್ಚು ಆಸಕ್ತಿ. "ಇಷ್ಟು ವಾರ ಉಳೀಲಿಕ್ಕೆ ನಸೀಬು ಸಾಕಾ? ನಿಮ್ಮ ಹೆಂಡತಿಯದ್ದು ಪಕ್ಕಾ ಲೆಕ್ಕಾಚಾರ ಉಂಟು."

"ಅಕಿಗೆಲ್ಲೀ ಲೆಕ್ಕಾಚಾರ ಚೆನ್ನಯಣ್ಣ!" ಶರಣಬಸಪ್ಪ ನಗುತ್ತಿದ್ದ. "ಸೆಟ್ಟಿನವರಿಗೆ ಜ್ವಾಳದ ರೊಟ್ಟಿ ಕೊಡಾಕ ಹೋದಾಕಿ, ದಾರಿ ತಪ್ಪಿ ಆಡಿಷನ್ ಸಾಲಿನ್ಯಾಗ ನಿಂತಾಳ. ಸಾದಾ ಹೆಣ್ಮಗಳು. ಆಕಿ ಗೆಲ್ಲಾಕತ್ತಿದ್ದು ನಸೀಬದಿಂದ. ಆ ನಸೀಬದ ಹೆಸರ ಶರಣಬಸಪ್ಪ."

ಚೆನ್ನಯ ಏನೋ ಹೇಳಲು ಬಾಯಿ ತೆರೆದು, ಭುವನೇಶ್ವರಿಯ ಕಣ್ಣು ನೋಡಿ, ಚಟ್ನಿ ತಿರುವಲು ಹೋಗುತ್ತಿದ್ದ.

ಇನ್ನೊಂದು ವಿಶೇಷ ನಡೆದಿತ್ತು. ಗೋರೆಗಾಂವ್ ಸ್ಟೇಷನ್ನಿನಲ್ಲಿ, ಬಾಂದ್ರಾದ ದೊಡ್ಡ ಮನೆಗಳಲ್ಲಿ, ಗುರುತಿಲ್ಲದ ಜನ ಅವನನ್ನು ಕಂಡು ಮುಗುಳ್ನಗತೊಡಗಿದ್ದರು. "ಅಂಕಲ್, ನಲ್ ಠೀಕ್ ಹುವಾ?" ಎಂದು ಕೇಳುವವರೂ ಇದ್ದರು. ತನ್ನ ಕೈಗುಣದ ಕೀರ್ತಿ ಹಬ್ಬಿದೆ, ಅದಕ್ಕೇ ನಲ್ಲಿಯ ಮಾತು ತೆಗೆಯುತ್ತಾರೆ ಎಂದು ಅವನು ಗಂಭೀರವಾಗಿ ತಲೆ ಆಡಿಸಿ ಮುಂದೆ ಹೋಗುತ್ತಿದ್ದ.

ಹೀಗೆ ಫೈನಲ್ ದಿನ ಬಂತು. ಉಳಿದವರು ಇಬ್ಬರೇ: ಹಾಲವ್ವ, ಮತ್ತು ಅಳುವುದರಲ್ಲಿ ಹೆಸರುವಾಸಿಯಾದ ಒಬ್ಬ ಪುಣೆಯ ಹೆಂಗಸು. ಬೆಳಿಗ್ಗೆಯೇ ಭುವನೇಶ್ವರಿ ಬಾಗಿಲು ಬಡಿದು, ಮೊದಲ ವಾರ ತೊಟ್ಟ ಗ್ರೀಸು ಹತ್ತಿದ ಅದೇ ಅಂಗಿಯನ್ನು ಅವನಿಗೆ ತೊಡಿಸಿದಳು.

"ಅಕ್ಕಾರ, ಇವತ್ತೊಂದ ದಿನ ನೋಡ್ಲೇನ್ರಿ?" ಶರಣಬಸಪ್ಪ ಮೆಲ್ಲಗೆ ಕೇಳಿದ. "ಭಾಳ ದಿನಾ ಆತು ಅಕಿ ಮುಖಾ ನೋಡಿ. ಮನ್ಯಾಗ ಮಾತಾಡಾಕ ಯಾರೂ ಇಲ್ಲ."

ಭುವನೇಶ್ವರಿಗೂ ಪಾಪ ಎನಿಸಿತು. ಆದರೂ ಬಿಡಲಿಲ್ಲ. "ಒಂದ ದಿನಾ ತಡಕೋ ತಮ್ಮಾ. ಫ್ಲ್ಯಾಟಿನ ಕೀಲಿ ಕೈಗೆ ಬರೂ ಹೊತ್ತಿನ್ಯಾಗ ಕೆಡಸಬ್ಯಾಡ."

ಅವನು ನಿಟ್ಟುಸಿರು ಬಿಟ್ಟು ತಾರಸಿಗೆ ಹೋದ. ಮಧ್ಯಾಹ್ನ ಕಳೆಯುವ ಹೊತ್ತಿಗೆ ಕೆಳಗೆ ಒಂದು ಬಿಳಿ ಕಾರು ನಿಂತಿತು. ಚಾನೆಲಿನ ಹುಡುಗಿ ಪ್ರಣೀತಾ, ಹಿಂದೆ ಕ್ಯಾಮೆರಾ ಹೊತ್ತ ಒಬ್ಬ.

"ಹಾಲವ್ವಾ ಆಂಟಿಯ ಹಸ್‌ಬೆಂಡ್ ಕಿಧರ್ ಇದ್ದಾರೆ?" ಮಂಗಳೂರಿನ ತಂದೆತಾಯಿಯ ಮುಂಬಯಿ ಮಗಳು ಅವಳು. ಕನ್ನಡ ಅವಳ ನಾಲಿಗೆಯ ಮೇಲೆ ಎಡವಿ ಎಡವಿ ನಡೆಯುತ್ತಿತ್ತು.

"ಊರಿಗೆ ಹೋಗ್ಯಾನ," ಎಂದಳು ಭುವನೇಶ್ವರಿ.

"ದವಾಖಾನೆಗೆ ಹೋಗಿದ್ದಾರೆ," ಎಂದ ಚೆನ್ನಯ, ಅದೇ ಗಳಿಗೆಗೆ.

ಪ್ರಣೀತಾ ಇಬ್ಬರನ್ನೂ ನೋಡಿದಳು, ನಕ್ಕಳು, ಕ್ಯಾಮೆರಾದವನಿಗೆ ಸನ್ನೆ ಮಾಡಿ ಮೆಟ್ಟಿಲು ಹತ್ತತೊಡಗಿದಳು. ಮೇಲೆ, ತಾರಸಿಯ ಅಂಚಿನಿಂದ ಕ್ಯಾಮೆರಾ ಕಂಡಿದ್ದ ಶರಣಬಸಪ್ಪನಿಗೆ ಹೆಜ್ಜೆಯ ಸದ್ದು ಕೇಳಿತು. ಚಾನೆಲಿನವರು ಎಂದರೆ ಮೊಬೈಲಿನಲ್ಲಿ ಹೆಂಡತಿಯನ್ನು ತೋರಿಸಿಯೇ ತೋರಿಸುತ್ತಾರೆ, ಅಲ್ಲಿಗೆ ಎಲ್ಲ ಮುಗಿಯಿತು! ತಾರಸಿಯಲ್ಲಿ ಅಡಗಲು ಮರವೇ, ಮಂಚವೇ? ಬೆಳಿಗ್ಗೆ ತೊಳೆದು ಖಾಲಿ ಬಿಟ್ಟಿದ್ದ ಎರಡನೆಯ ಟಾಕಿಯೊಂದೇ ಕಂಡಿತು. ಹತ್ತಿ, ಒಳಗಿಳಿದು, ಮುಚ್ಚಳ ಎಳೆದುಕೊಂಡ.

ಅಷ್ಟರಲ್ಲಿ ಚೆನ್ನಯನಿಗೆ ಒಂದು ಉಪಾಯ ಹೊಳೆಯಿತು. ಪಂಪು ಶುರು ಮಾಡಿದರೆ ಅದರ ಗದ್ದಲಕ್ಕೆ ಶರಣಬಸಪ್ಪ ಎಚ್ಚೆತ್ತು ಎಲ್ಲಾದರೂ ಅಡಗಿಕೊಳ್ಳುತ್ತಾನೆ ಎಂದುಕೊಂಡು ಗುಂಡಿ ಒತ್ತಿದ. ಪಂಪು ಗುಡುಗಿತು. ನೀರು ಹೊಸದಾಗಿ ತೊಳೆದ ಟಾಕಿಗೆ ನೇರವಾಗಿ, ಶರಣಬಸಪ್ಪನ ನೆತ್ತಿಯ ಮೇಲೆ ಸುರಿಯಿತು. ಮೊಣಕಾಲಿನವರೆಗೆ ಅವನು ತಡೆದುಕೊಂಡ. ಸೊಂಟದವರೆಗೂ ಹಲ್ಲು ಕಚ್ಚಿದ. ಎದೆಗೆ ಬಂದಾಗ ಮುಚ್ಚಳ ಹಾರಿತು. ನೆನೆದ ಅವಲಕ್ಕಿಯ ಹಾಗೆ ಅವನು ಮೇಲೆದ್ದು ನೋಡಿದರೆ ಎದುರಿಗೇ ಕ್ಯಾಮೆರಾ.

ಪ್ರಣೀತಾ ನಕ್ಕು ನಕ್ಕು ಗೋಡೆಗೆ ಒರಗಿದಳು. "ಅಂಕಲ್, ಆಂಟಿ ಬೋಲಾ ಹಾಗೇ ಇದ್ದೀರಿ, ಸೇಮ್ ಟು ಸೇಮ್!"

ಅದೇನೆಂದು ಅವನಿಗೆ ತಿಳಿಯಲಿಲ್ಲ. ತಿಳಿದದ್ದು ಅವಳ ಮುಂದಿನ ಮಾತು: ಕೊನೆಯ ಸುತ್ತಿನಲ್ಲಿ ಮನೆಯವರೊಬ್ಬರು ವೇದಿಕೆಯ ಮೇಲೆ ಇರಲೇಬೇಕು, ಇಲ್ಲದಿದ್ದರೆ ಹಾಲವ್ವ ಔಟ್.

ಬಿಲ್ಡಿಂಗಿಗೆ ಬಿಲ್ಡಿಂಗೇ ತಾರಸಿಯಲ್ಲಿ ಸಭೆ ಸೇರಿತು. ಹೋಗದಿದ್ದರೆ ಅವಳು ಹೊರಗೆ, ಹೋಗಿ ನೋಡಿದರೆ ನಸೀಬು ಹೊರಗೆ. ಶರಣಬಸಪ್ಪ ಒದ್ದೆ ಅಂಗಿಯಲ್ಲಿ ನಡುಗುತ್ತ, "ಏನರ ಮಾಡ್ರಿ, ಅಕಿ ಸೋಲಬಾರದು," ಎಂದು ಎಲ್ಲರ ಮುಖ ನೋಡಿದ. ಕೊನೆಗೆ ಭುವನೇಶ್ವರಿಯೇ ದಾರಿ ಹುಡುಕಿದಳು. ಟವೆಲು ತಂದು ಅವನ ಕಣ್ಣಿಗೆ ಬಿಗಿದಳು, ಕಿವಿಗೆ ಹತ್ತಿ ತುರುಕಿದಳು, ತಾನೂ ಜೊತೆಗೆ ಕಾರು ಹತ್ತಿದಳು. "ನಾ ಬಿಚ್ಚೂತನಾ ಬಿಚ್ಚಬ್ಯಾಡ," ಎಂದು ಹತ್ತಿಯ ಮೇಲಿಂದ ಕಿರುಚಿದಳು.

ಹೀಗೆ ಶರಣಬಸಪ್ಪ ಜೀವನದಲ್ಲಿ ಮೊದಲ ಸಲ ಫಿಲ್ಮ್ ಸಿಟಿಯೊಳಗೆ ಹೋದ, ಏನನ್ನೂ ನೋಡಲಿಲ್ಲ. ಯಾರೋ ಕೈ ಹಿಡಿದು ಮೆಟ್ಟಿಲು ಹತ್ತಿಸಿದರು. ಮೈಗೆ ದೀಪಗಳ ಕಾವು ತಾಗಿತು. ಹತ್ತಿಯ ಆಚೆ ಲೋಕಲ್ ಗಾಡಿ ಸೇತುವೆ ದಾಟಿದಂಥ ಭಾರೀ ಸದ್ದು. ಜನ ಚಪ್ಪಾಳೆ ತಟ್ಟುತ್ತಿದ್ದಾರೆ ಎಂದುಕೊಂಡು ಅವನು ಸದ್ದು ಬಂದ ಕಡೆಗೆ ಕೈ ಮುಗಿದ. ಸದ್ದು ಇಮ್ಮಡಿಯಾಯಿತು. ಅವನು ಕೈ ಮುಗಿದದ್ದು ಕ್ಯಾಮೆರಾ ಕ್ರೇನಿಗೆ ಎಂದು ಅವನಿಗೆ ಯಾರು ಹೇಳಬೇಕು? ಆಮೇಲೆ ಎಲ್ಲ ಸ್ತಬ್ಧ. ಅವನು ತುಟಿಯಲ್ಲೇ ಮನೆದೇವರನ್ನು ನೆನೆದ. ಫ್ಲ್ಯಾಟು ಮರೆತುಹೋಗಿತ್ತು. ಅಷ್ಟು ದಿನ ಊರ ಮುಂದೆ ಒಬ್ಬಳೇ ಹೋರಾಡಿದವಳು ಕೊನೆಯಲ್ಲಿ ತಲೆ ತಗ್ಗಿಸಬಾರದು, ಅಷ್ಟೇ ಅವನಿಗೆ ಬೇಕಾಗಿತ್ತು.

ಮರುಗಳಿಗೆ ನೆಲವೇ ನಡುಗುವಂಥ ಕೂಗು. ಯಾರೋ ಟವೆಲು ಕಿತ್ತರು, ಕಿವಿಯ ಹತ್ತಿಯನ್ನೂ ತೆಗೆದರು. ಎದುರಿಗೆ ಹಸಿರು ಇಳಕಲ್ ಸೀರೆಯಲ್ಲಿ ಹಾಲವ್ವ, ಕೈಯಲ್ಲಿ ಮೊಳದುದ್ದದ ಬಂಗಾರದ ಬಣ್ಣದ ಕೀಲಿಕೈ.

"ನಾ ನೋಡಲಿಲ್ಲ ಹಾಲಿ, ಒಂದ ಸಲಾನೂ ನೋಡಲಿಲ್ಲ!" ಎಂದು ಅವನು ಕಣ್ಣೀರು ಒರೆಸಿಕೊಂಡ. ಅವಳೂ ಕಣ್ಣೊರೆಸಿಕೊಂಡಳು.

ನಿರೂಪಕ ಮೈಕು ಅವಳ ಮುಂದೆ ಹಿಡಿದು ಕೇಳಿದ: ಈ ಗೆಲುವು ತಂತ್ರದಿಂದಲೋ, ನಸೀಬದಿಂದಲೋ?

"ನಸೀಬದಿಂದ," ಎಂದು ಹಾಲವ್ವ ತನ್ನ ಬಿಲ್ಡಿಂಗಿನ ಹಿಂದಿಯಲ್ಲಿ ಹೇಳಿ ಗಂಡನ ಕಡೆ ಬೆರಳು ತೋರಿಸಿದಳು. "ಮೇರಾ ನಸೀಬ್ ಯೇ ಹೈ."

ಶರಣಬಸಪ್ಪನ ಎದೆ ಒದ್ದೆ ಅಂಗಿಯೊಳಗೆ ಅಗಲವಾಯಿತು. ಚೆನ್ನಯ ಇದನ್ನು ನೋಡುತ್ತಿರಬೇಕಿತ್ತು ಎಂದುಕೊಂಡ. ಚೆನ್ನಯ ನೋಡುತ್ತಲೇ ಇದ್ದ, ಇಡೀ ದೇಶದ ಜೊತೆ.

ಆಗ ದೊಡ್ಡ ಪರದೆಯ ಮೇಲೆ ಹಾಲವ್ವನ ಪಯಣ ಶುರುವಾಯಿತು. ಪರದೆಯ ಹಾಲವ್ವ ಕಾಲು ಚಾಚಿ ಕೂತು, ಗಂಡನ ಫೋಟೋ ಕ್ಯಾಮೆರಾಕ್ಕೆ ತೋರಿಸುತ್ತ ಹೇಳುತ್ತಿದ್ದಳು: ನನ್ನ ಗಂಡ ಮುಂಬಯಿಯ ನಲ್ಲಿಗಳನ್ನೆಲ್ಲ ರಿಪೇರಿ ಮಾಡುತ್ತಾನೆ, ನಮ್ಮ ಮನೆಯ ನಲ್ಲಿ ಮಾತ್ರ ಮದುವೆಯಾದಾಗಿನಿಂದ ಸೋರುತ್ತಿದೆ, ಸದ್ದಾಗದಿರಲಿ ಎಂದು ಅದಕ್ಕೆ ತನ್ನ ಹಳೆಯ ಬನಿಯನ್ ಕಟ್ಟಿದ್ದಾನೆ. ಇನ್ನೊಂದು ವಾರ: ಬಿಲ್ಡಿಂಗ್ ಸೊಸೈಟಿಯ ಸೆಕ್ರೆಟರಿಯನ್ನು ಬೈಯಲು ಕನ್ನಡಿಯ ಮುಂದೆ ಗಂಟೆಗಟ್ಟಲೆ ತಾಲೀಮು ಮಾಡಿ ಹೋದವನು, ಅವರ ಮನೆಯ ಪೈಪನ್ನು ಪುಕ್ಕಟೆ ಸರಿಮಾಡಿ ಬಂದ. ಮತ್ತೊಂದು: ಲೋಕಲ್ಲಿನಲ್ಲಿ ಪಕ್ಕದವನ ಭುಜದ ಮೇಲೆ ನಿದ್ದೆ ಹೋದ, ಪಕ್ಕದವನು ಇವನ ತಲೆಯ ಮೇಲೆ ನಿದ್ದೆ ಹೋದ, ಇಬ್ಬರೂ ಕೊನೆಯ ಸ್ಟೇಷನ್ ವಿರಾರದಲ್ಲಿ ಎದ್ದು ಒಬ್ಬರನ್ನೊಬ್ಬರು ಬೈದರು. ಸಭೆ ಹೊಟ್ಟೆ ಹಿಡಿದುಕೊಂಡು ನಗುತ್ತಿತ್ತು. ನಲ್ಲಿಯ ಬಗ್ಗೆ ಕೇಳಿದ ಮುಖಗಳೆಲ್ಲ ಶರಣಬಸಪ್ಪನ ಕಣ್ಣ ಮುಂದೆ ಸಾಲಾಗಿ ಬಂದುಹೋದವು.

ಮನೆಗೆ ಮರಳುವ ಕಾರಿನಲ್ಲಿ ಅವನು ಹಾಲವ್ವ, ಭುವನೇಶ್ವರಿಯರ ನಡುವೆ ಕೂತು ಟವೆಲನ್ನು ಮಡಚುತ್ತ ಬಿಚ್ಚುತ್ತ ಇದ್ದ.

"ಸಿಟ್ಟ ಬಂತೇನ್ರಿ?" ಹಾಲವ್ವ ಕೇಳಿದಳು.

"ನನಗ ಟಿವಿ ನೋಡಗೊಡಬ್ಯಾಡ ಅಂತ ನೀನ ಹೇಳಿದ್ದೇನು?"

"ಹೂಂ. ನೀವು ನೋಡಿದ್ರ ಎರಡನೇ ವಾರಕ್ಕ ಸೆಟ್ಟಿನ ಬಾಗಲಾ ಬಡೀತಿದ್ರಿ. ಅದಕ್ಕ ಭುವನಕ್ಕಾರಿಗೆ ಹೇಳಿ ಹೋಗಿದ್ದೆ."

"ಮದಲನೇ ವಾರದ್ದು? ವಾಲ್ವ್ ಕೆಟ್ಟಿದ್ದು ನಸೀಬ ಅಲ್ಲೇನು?"

ಭುವನೇಶ್ವರಿ ಕಿಟಕಿಯ ಆಚೆ ಏನೋ ಅಪರೂಪದ್ದು ಕಂಡವಳ ಹಾಗೆ ತಿರುಗಿ ಕೂತಳು.

"ಅದನ್ನ ಸಡಲ ಮಾಡಿದ್ದು ಅಕ್ಕಾರ. ಹೆಂಗಂತ ಕಲಿಸಿದ್ದು ನಾ. ಪ್ಲಂಬರನ ಹೇಣ್ತಿ ಆಗಿ ಅಷ್ಟೂ ಗೊತ್ತಿರಬಾರದೇನು?" ಎಂದಳು ಹಾಲವ್ವ. "ಆಡಿಷನ್ ಸಾಲಿಗೆ ನಿಲ್ಲಾಕಂತನ ರೊಟ್ಟಿ ಒಯ್ದಿದ್ದೆ. ಒಳಗ ಎಲ್ಲಾರೂ ಜಗಳಾಡತಿದ್ರು, ಅಳತಿದ್ರು. ಜಗಳಾ, ಅಳೂದು ಜನಕ್ಕ ಮನ್ಯಾಗ ಬೇಕಾದಷ್ಟೈತಿ. ನಾ ವಾರಕ್ಕೊಂದ ನಿಮ್ಮ ಕತಿ ಹೇಳತಿದ್ದೆ. ಮತಾ ಹಾಕೂ ದಿನಾ ಅರ್ಧಕ್ಕ ನಿಲ್ಲಸತಿದ್ದೆ. ಉಳದ ಅರ್ಧ ಕೇಳಬೇಕಂದ್ರ ನನ್ನ ಉಳಿಸಬೇಕಲ್ಲ?"

ಶರಣಬಸಪ್ಪ ಅವಳನ್ನು ನೋಡಿದ. ಸಿಟ್ಟು ಬರಬೇಕಾಗಿತ್ತು. ಬಂದದ್ದು ಬೆರಗು. ಸಾದಾ ಹೆಣ್ಮಗಳು ಎಂದು ಇಷ್ಟು ವರ್ಷ ಊರಿಗೆಲ್ಲ ಹೇಳಿಕೊಂಡು ಬಂದ ಇವಳು, ಒಂದು ಕೋಣೆಯ ಮನೆಯಲ್ಲಿ ರೊಟ್ಟಿ ಬಡಿಯುತ್ತ ಬಡಿಯುತ್ತ ಇಡೀ ಮುಂಬಯಿಯ ಮನಸ್ಸನ್ನು ಓದಿಟ್ಟುಕೊಂಡಿದ್ದಳು.

"ಭಾಳ ಶ್ಯಾಣ್ಯಾಕಿ ಅದೀ ನೀ. ಖರೇನ ಗೆದ್ದೀ," ಎಂದ. ಆಮೇಲೆ ಗಂಡಸಿನ ಮರ್ಯಾದೆಗೆಂದು ಸೇರಿಸಿದ: "ಆದ್ರ ಇನ್ನ ಮುಂದ ನಿನ್ನ ಮುಂದ ನಾ ಬಾಯಿ ಬಿಚ್ಚಂಗಿಲ್ಲ ನೋಡು. ಆಟ ಮುಗೀತು, ನನ್ನ ಕತೀನೂ ಮುಗದಾವು."

"ಅಯ್ಯ, ಹಂಗಂದ್ರ ಹೆಂಗ್ರೀ?" ಹಾಲವ್ವ ಗಾಬರಿಯಾದಳು. "ಚಾನೆಲ್‌ನವರು ಬರೂ ತಿಂಗಳಿಂದ ನಂದ ಒಂದ ಶೋ ಮಾಡತಾರಂತ. 'ಹಾಲವ್ವ ಕಾ ಘರ್‌ವಾಲಾ' ಅಂತ ಹೆಸರು, ಅಂದ್ರ ಹಾಲವ್ವನ ಗಂಡ. ದಿನಾ ಒಂದ ಹೊಸಾ ಕತಿ ಬೇಕಂತ. ನಾ ಆಗಲಿ ಅಂದು ಮಾತ ಕೊಟ್ಟ ಬಂದೀನಿ."

"ದಿನಾ ಒಂದ? ಅಷ್ಟ ಕತಿ ಎಲ್ಲಿಂದ ತರತಿ?"

ಹಾಲವ್ವ ಸಂತೆಯಲ್ಲಿ ಬದನೆಕಾಯಿ ಆರಿಸುವವಳ ಹಾಗೆ ಗಂಡನನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿದಳು. ಶರಣಬಸಪ್ಪ ಏನೋ ಹೇಳಲು ಬಾಯಿ ತೆರೆದ. ಅವಳು ಕಿವಿ ನಿಮಿರಿಸಿ ಕೂತದ್ದನ್ನು ಕಂಡು ಹಾಗೇ ಮುಚ್ಚಿಕೊಂಡ.