ಹೆಲ್ಮೆಟ್ಟಿನೊಳಗಿನ ಹಸಿರು ಪೊಟ್ಟಣ

ಅಮ್ಮನ ನೂಡಲ್ ಅಂಗಡಿಯ ಹಿಂಬದಿಯಲ್ಲಿ ಸಿಯಿನ್ ಕಡುಬು ಮಡಿಸುತ್ತಿದ್ದಳು. ಹಿಟ್ಟಿನ ಹಾಳೆಯ ನಡುವೆ ಹಂದಿ ಕೈಮ ಇಡುವುದು, ಅಂಚಿಗೆ ನೀರು ಸವರುವುದು, ಒತ್ತುವುದು. ಐವತ್ತು ಮಡಿಸು ಎಂದಿದ್ದಳು ಅಮ್ಮ. ಎಣಿಸಲು ಹೆದರಿ, ಹಿಟ್ಟು ಮುಗಿಯುವವರೆಗೂ ಮಡಿಸುತ್ತಲೇ ಇರುವುದು ಸಿಯಿನಳ ರೂಢಿ.

ಇಂಥವಳಿಗೆ ಎಂಜಿನಿಯರ್ ಆಗುವ ಹುಚ್ಚು. ಕೆಟ್ಟ ಫ್ಯಾನು ಕಂಡರೆ ಹಸಿದವಳು ಊಟಕ್ಕೆ ನುಗ್ಗಿದಂತೆ ನುಗ್ಗುವಳು. ಲೆಕ್ಕ ಕಂಡರೆ ಮಾತ್ರ ಸ್ನಾನದ ನೀರು ಕಂಡ ಬೆಕ್ಕು. ಇವತ್ತು ಶಿಂಚು ಊರಿನ ತಾಂತ್ರಿಕ ಕಾಲೇಜಿನಲ್ಲಿ ಅವಳ ಸಂದರ್ಶನ. ಮೇಷ್ಟ್ರುಗಳ ಎದುರು ಬೋರ್ಡಿನ ಮೇಲೊಂದು ಲೆಕ್ಕ ಬಿಡಿಸಿದರೆ ಸೀಟು, ಇಲ್ಲದಿದ್ದರೆ ಜೀವಮಾನವಿಡೀ ಕಡುಬು.

"ಏನೇ, ಮುಖ ಯಾಕೆ ಬೆಂದ ಮೂಲಂಗಿ ಆಗಿದೆ?" ಎನ್ನುತ್ತ ಒಳಗೆ ಬಂದ, ಪಕ್ಕದ ಮನೆಯ ಷೆಂಗ್ ಮಾವ. ಚಿಪ್ ಕಾರ್ಖಾನೆಯಲ್ಲಿ ದುಡಿದು ನಿವೃತ್ತನಾದವನು.

"ಲೆಕ್ಕ ನೋಡಿದ್ರೆ ತಲೆ ನಿಂತೋಗುತ್ತೆ, ಮಾವ."

"ಅಷ್ಟೇನಾ? ಕಾರ್ಖಾನೇಲಿ ಯಂತ್ರ ನಿಲ್ಲಬಾರ್ದು ಅಂತ ಅದರ ನೆತ್ತಿ ಮೇಲೆ ಏನಿಡ್ತಿದ್ವಿ? ಹಸಿರು ಪೊಟ್ಟಣ! ನಿನ್ನ ತಲೆ ಏನು ಆ ಯಂತ್ರಕ್ಕಿಂತ ದುಬಾರಿನಾ?"

ಜೋಳದ ಕುರುಕಲಿನ ಹಸಿರು ಪೊಟ್ಟಣ ನೆತ್ತಿಯ ಮೇಲಿಲ್ಲದ ಯಂತ್ರ ಆ ಊರಿನಲ್ಲಿಲ್ಲ. ಹಳದಿ ಪೊಟ್ಟಣ ಇಟ್ಟರೆ ಯಂತ್ರ ಮುನಿಯುತ್ತದೆ. ಒಳಗಿನದನ್ನು ಯಾರೂ ತಿನ್ನಕೂಡದು. ಮುಖ್ಯವಾಗಿ, ತಾರೀಕು ಮೀರಿರಕೂಡದು.

ಎದುರಂಗಡಿಯ ಚಿನ್‌ಹುವಾ ಚಿಕ್ಕಮ್ಮ ಕರೆಯದೆಯೇ ಒಂದು ಪೊಟ್ಟಣ ಹಿಡಿದು ಓಡಿಬಂದಳು. "ತಗೋ ಮಗಳೇ. ನಿಮ್ಮ ಕಾಲೇಜಿನ ದೊಡ್ಡ ಯಂತ್ರಕ್ಕೂ ಇದೇ ಪೆಟ್ಟಿಗೇದು ಕೊಟ್ಟಿದೀನಿ."

"ತಾರೀಕು ನೋಡಿದ್ಯಾ?" ಅಮ್ಮ ಕೇಳಿದಳು.

"ನನ್ನ ಅಂಗಡೀಲಿ ಹಳೇ ಮಾಲಾ? ಮೊದಲು ನಿನ್ನೆ ಸಾರು ಚೆಲ್ಲು ಹೋಗು!"

ತಾರೀಕಿನ ಮೇಲೆ ಬೆಲೆಯ ಚೀಟಿ ಭದ್ರವಾಗಿ ಅಂಟಿತ್ತು.

ಮಾವನ ಸಡಿಲ ಹೆಲ್ಮೆಟ್ಟಿನೊಳಗೆ ಪೊಟ್ಟಣ ತುರುಕಿ ಸಿಯಿನ್ ತಲೆಗೇರಿಸಿದಳು. ಮೊಟ್ಟೆಗಳ ಮೇಲೆ ಕಾವಿಗೆ ಕೂತ ಕೋಳಿಯಂತೆ ಹೆಲ್ಮೆಟ್ ಎತ್ತರದಲ್ಲಿ ಕೂತಿತು. ಅವಳನ್ನು ಹಿಂದೆ ಕೂರಿಸಿಕೊಂಡು ಹೊರಟ ಮಾವ, ಸ್ಕೂಟರ್ ಹಳ್ಳಕ್ಕೆ ಇಳಿದಾಗಲೆಲ್ಲ ಕೂಗುತ್ತಿದ್ದ: "ತಲೆ ಹೋದ್ರೂ ಪರವಾಗಿಲ್ಲ, ಪೊಟ್ಟಣ ಒಡೀಬಾರ್ದು!"

ಸಂದರ್ಶನ ನಡೆದದ್ದು ಕಾಲೇಜಿನ ಯಂತ್ರಶಾಲೆಯಲ್ಲಿ. ಮೂಲೆಯಲ್ಲಿ ದೊಡ್ಡ ಯಂತ್ರವೊಂದು, ನೆತ್ತಿಯ ಮೇಲೆ ಹಸಿರು ಪೊಟ್ಟಣ ಹೊತ್ತು, ಗುಂಯ್‌ಗುಡುತ್ತಿತ್ತು. ಮೂವರು ಮೇಷ್ಟ್ರುಗಳು ಬೋರ್ಡಿನ ಮೇಲೆ ಒಂದಕ್ಕೊಂದು ಕಚ್ಚಿಕೊಂಡ ಮೂರು ಹಲ್ಲುಚಕ್ರ ಬರೆದರು. ಮೊದಲನೆಯದು ಇಷ್ಟು ಸುತ್ತು ತಿರುಗಿದರೆ ಉಳಿದೆರಡು ಎಷ್ಟೆಷ್ಟು?

"ಹೆಲ್ಮೆಟ್ ತೆಗೀಬಹುದಲ್ಲಮ್ಮ?" ಎಂದರು ಹಿರಿಯ ಮೇಷ್ಟ್ರು ಗುವೋ.

"ಇರಲಿ ಬಿಡಿ ಮೇಷ್ಟ್ರೇ, ಶೀತ."

ಸಿಯಿನ್ ತಲೆಯಾಡಿಸಿದಳು. ಕರುಂ ಎಂದಿತು.

"ಏನದು ಸದ್ದು?"

"ಯೋಚನೆ ಮಾಡ್ತಿದೀನಿ."

ಆಶ್ಚರ್ಯವೆಂದರೆ ತಲೆ ನಿಲ್ಲಲಿಲ್ಲ! ಎಣ್ಣೆ ಬಿಟ್ಟ ಬೀಗದಂತೆ ಸರಾಗವಾಗಿ ತೆರೆದುಕೊಂಡಿತು. ಎರಡನೆಯ ಚಕ್ರದ ಸುತ್ತು ಬರೆದಳು. ಮೇಷ್ಟ್ರುಗಳು "ಸರಿ ಸರಿ" ಎಂದರು. ಹಿಗ್ಗಿನಲ್ಲಿ ಅವಳು ಬಗ್ಗಿ ನಮಸ್ಕರಿಸಿದ್ದೇ ತಪ್ಪಾಯಿತು. ಹೆಲ್ಮೆಟ್ ಜಾರಿ, ಬೆವರಲ್ಲಿ ನೆಂದ ಪೊಟ್ಟಣ ಗುವೋ ಮೇಷ್ಟ್ರ ಕಾಲಬುಡಕ್ಕೆ ಬಿತ್ತು.

ಯಾರೂ ನಗಲಿಲ್ಲ. ಮೇಷ್ಟ್ರು ಅದನ್ನು ಎರಡೂ ಕೈಯಲ್ಲಿ ಭಕ್ತಿಯಿಂದ ಎತ್ತಿದರು. ನೆಂದ ಬೆಲೆಯ ಚೀಟಿ ಕಳಚಿ ಅವರ ಹೆಬ್ಬೆರಳಿಗೆ ಅಂಟಿಕೊಂಡಿತು. ಅವರ ಮುಖ ಬಿಳಿಚಿತು.

"ಇದರ ತಾರೀಕು ಹೋದ ತಿಂಗಳೇ ಮುಗಿದಿದೆ! ಯಾವ ಅಂಗಡೀದು?"

"ಚಿನ್‌ಹುವಾ ಚಿಕ್ಕಮ್ಮಂದು. ನಿಮ್ಮ ಯಂತ್ರದ್ದೂ ಇದೇ ಪೆಟ್ಟಿಗೇದಂತೆ."

ಮೂವರೂ ಒಟ್ಟಿಗೆ ಮೂಲೆಯತ್ತ ತಿರುಗಿದರು. ಅದಕ್ಕೇ ಕಾಯುತ್ತಿದ್ದಂತೆ ಯಂತ್ರ ಒಂದು ಸಲ ಕೆಮ್ಮಿ ನಿಂತಿತು.

"ಅಯ್ಯಯ್ಯೋ! ಓಡ್ರೀ!"

"ಮುಟ್ಟಬೇಡ್ರೀ, ಮೊದಲು ಕೈ ಮುಗೀರಿ!"

ಸಿಯಿನ್ ಬೋರ್ಡಿನ ಮುಂದೆ ಬರಿದಲೆಯಲ್ಲಿ ನಿಂತಳು. ಹೋದ ತಿಂಗಳೇ ಸತ್ತ ಪೊಟ್ಟಣ! ಹಾಗಾದರೆ ಇಷ್ಟು ಹೊತ್ತು ಲೆಕ್ಕ ಮಾಡಿದ್ದು ಯಾರು? ತಾನೇ? ಯಾರ ಕಾವಲೂ ಇಲ್ಲದೆ, ಬರೀ ತಲೆಯಲ್ಲಿ? ಆ ಯೋಚನೆ ಬಂದದ್ದೇ ಅವಳು ಸೀಮೆಸುಣ್ಣ ಕೆಳಗಿಟ್ಟಳು. ಉಳಿದಿದ್ದ ಮೂರನೆಯ ಚಕ್ರ ಅವಳತ್ತ ಹಲ್ಲು ಕಿರಿಯಿತು.

"ಮೇಷ್ಟ್ರೇ," ಎಂದಳು, ಯಂತ್ರದ ಸುತ್ತ ಬಗ್ಗಿದ್ದ ಮೂರು ಬೆನ್ನುಗಳಿಗೆ, "ಹೊಸದು ತರಿಸುವಾಗ ನನಗೂ ಒಂದು ತರಿಸ್ತೀರಾ?"