ಎಮ್ಮೆಗೂ ಕ್ಷಮೆ ಕೇಳಿದವನ ಆತ್ಮಕಥೆ

ಭಾದ್ರಪದ ಬಹುಳ ಪಾಡ್ಯ, ಬೆಳಿಗ್ಗೆ ಆರು ಗಂಟೆ ಐದು ನಿಮಿಷ. ಸ್ಥಳ: ಚಿಕ್ಕೋಡಿ, ನಮ್ಮ ಮನೆಯ ಪಡಸಾಲೆ. ಹಾಜರಿದ್ದವರು: ನಾನು, ಮತ್ತು ಬಾಗಿಲಲ್ಲಿ ನಿಂತ ನನ್ನ ತಮ್ಮ. ಮೂವತ್ತಮೂರು ವರ್ಷ ಸರಕಾರಿ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದವಳು ನಾನು. ಪಾಳಿ ಬದಲಾಗುವಾಗ ರಿಪೋರ್ಟ್ ಬುಕ್ಕಿನಲ್ಲಿ ಮೊದಲು ಇಷ್ಟನ್ನು ಬರೆಯದೆ ಮುಂದೆ ಒಂದಕ್ಷರ ಬರೆದವಳಲ್ಲ. ಆದರೆ ತಮ್ಮನನ್ನು 'ಹಾಜರಿದ್ದವರು' ಎಂದು ಬರೆದದ್ದು ಗೊತ್ತಾದರೆ ಅವನೇ ತಕರಾರು ತೆಗೆಯುತ್ತಾನೆ. "ನಾ ಇದ್ರೂ ಇಲ್ಲದಂಗ ಅಕ್ಕಾ. ನನ್ನ ಹೆಸರ ಬರದು ಶಾಯಿ ಯಾಕ ಕೆಡಸ್ತಿ?" ಎನ್ನುತ್ತಾನೆ.

ಈ ಮನುಷ್ಯ ಒಮ್ಮೆ ಎಮ್ಮೆಗೆ ಕ್ಷಮೆ ಕೇಳಿದ್ದಾನೆ. ಸುಳ್ಳಲ್ಲ, ನಾನು ಪಕ್ಕದಲ್ಲೇ ಇದ್ದೆ. ಸಂತೆಯ ದಿನ ಎಮ್ಮೆಯ ಬಾಲ ಬಡಿದು ಇವನ ಕನ್ನಡಕ ಕೆಳಗೆ ಬಿತ್ತು. ಅದೇ ಎಮ್ಮೆ ಅದರ ಮೇಲೆ ಕಾಲಿಟ್ಟಿತು. ಇವನು ಕೈಮುಗಿದು "ತಪ್ಪಾತವ್ವಾ, ನಾನ ನಡುವ ಬಂದೆ" ಎಂದ. ಎಮ್ಮೆ ಕ್ಷಮಿಸಿತೋ ಇಲ್ಲವೋ ತಿಳಿಯಲಿಲ್ಲ. ಸೆಗಣಿ ಹಾಕಿ ಮುಂದೆ ಹೋಯಿತು!

ನಿಪ್ಪಾಣಿ ಬಸ್ಸಿನಲ್ಲಿ ಯಾರಾದರೂ ಇವನ ಕಾಲು ತುಳಿದರೆ ಇವನೇ "ಕ್ಷಮಾ ಮಾಡ್ರಿ" ಎನ್ನುತ್ತಾನೆ. ತುಳಿದವನು ದೊಡ್ಡ ಮನಸ್ಸು ಮಾಡಿ, "ಇರ್ಲಿ ಬಿಡ್ರಿ, ಇನ್ನೊಮ್ಮೆ ನೋಡ್ಕೊಂಡ ಕಾಲ ಇಡ್ರಿ" ಎಂದು ಬುದ್ಧಿ ಹೇಳಿದ್ದೂ ಉಂಟು.

ನಾವು ಜೈನರು. ಪರ್ವದ ಹತ್ತು ದಿನ ಮುಗಿದ ಮೇಲೆ ನಮ್ಮಲ್ಲಿ ಕ್ಷಮಾವಣಿ ಬರುತ್ತದೆ. ದೊಡ್ಡವರು ಚಿಕ್ಕವರೆನ್ನದೆ ಮನೆಮನೆಗೆ ಹೋಗಿ, ಮನಸ್ಸಿನಿಂದ, ಮಾತಿನಿಂದ, ಮೈಯಿಂದ ಆದ ತಪ್ಪುಗಳಿಗೆಲ್ಲ ಕ್ಷಮೆ ಕೇಳುವ ದಿನ. ಉಳಿದವರಿಗೆ ಅದು ವರ್ಷಕ್ಕೊಂದು ದಿನ. ನನ್ನ ತಮ್ಮನಿಗೆ ಮುನ್ನೂರ ಅರವತ್ತೈದು. ಅಧಿಕ ಮಾಸ ಬಂದರೂ ಅವನಿಗೆ ಅದು ಹೆಚ್ಚಿನ ಹೊರೆಯಲ್ಲ!

ಇವತ್ತು ಅದೇ ಕ್ಷಮಾವಣಿ. ತಮ್ಮ ಒಂದು ನೋಟುಬುಕ್ಕನ್ನು ನನ್ನ ಕೈಗಿಟ್ಟ.

"ಆತ್ಮಕಥಿ ಮುಗೀತಕ್ಕಾ. ಒಮ್ಮೆ ಕಣ್ಣಾಡಿಸು. ಎಪ್ಪತ್ತನೇ ಪುಟಾ ಮಾತ್ರ ಓದಬ್ಯಾಡ, ಅದು ಬರೇ ಹುಚ್ಚಾಟ ಐತಿ."

ಇಷ್ಟು ಹೇಳಿ ಚಪ್ಪಲಿ ಮೆಟ್ಟಿ ನಡೆದೇಬಿಟ್ಟ. ಓದಬೇಡ ಎಂದ ಪುಟವನ್ನು ಓದದೆ ಬಿಡಲು ನಾನೇನು ದೀಕ್ಷೆ ತೆಗೆದುಕೊಂಡವಳೇ? ಆದರೆ ಆ ಪುಟಕ್ಕೆ ಬರುವ ಮೊದಲು ಈ ಆತ್ಮಕಥೆ ಹುಟ್ಟಿದ್ದು ಹೇಗೆಂದು ಹೇಳಬೇಕು.

ಅವನದು ಭಾಂಡಿ ಅಂಗಡಿ, ಅಂದರೆ ಪಾತ್ರೆಗಳ ಅಂಗಡಿ. ಕೊಂಡ ಪಾತ್ರೆಯ ಮೇಲೆ ಹೆಸರು ಕೊರೆದುಕೊಡುವುದರಲ್ಲಿ ಅವನದು ಎತ್ತಿದ ಕೈ. ಮೊದಲು ಉಳಿ-ಸುತ್ತಿಗೆ, ಆಮೇಲೆ ಕರೆಂಟಿನ ಮಷಿನ್ನು. ಮದುವೆಯ ತಾಟು, ಸೀಮಂತದ ವಾಟಿ ಎಂಬ ಪುಟ್ಟ ಬಟ್ಟಲು, ಮನೆ ತುಂಬಿಸುವ ಕೊಡ, ಎಲ್ಲದರ ಮೇಲೂ 'ಇಂಥವರಿಂದ ಇಂಥವರಿಗೆ' ಎಂಬ ಅವನ ಅಕ್ಷರ. ಈಚೆಗೆ ಜನ ಪಾತ್ರೆ ಬಿಟ್ಟು ಲಕೋಟೆ ಕೊಡತೊಡಗಿದರು. ಲಕೋಟೆಯ ಮೇಲೆ ಹೆಸರು ಬರೆಯಲು ಮಷಿನ್ನು ಬೇಕೇ? ಅವನು ಮಷಿನ್ನಿಗೆ ಬಟ್ಟೆ ಮುಚ್ಚಿದ. ಊಟ ಕಡಿಮೆಯಾಯಿತು. ನಿದ್ದೆ ಕೆಟ್ಟಿತು. "ನಾ ಯಾತಕ್ಕ ಬೇಕು ಹೇಳು?" ಎಂದು ದಿನಕ್ಕೆ ನಾಲ್ಕು ಸಲ ಕೇಳತೊಡಗಿದ. ಆ ಪ್ರಶ್ನೆಗೆ ನನಗೆ ಹೆದರಿಕೆಯಾಯಿತು. ಅಂಥ ಪ್ರಶ್ನೆ ಕೇಳುವವರನ್ನು ವಾರ್ಡಿನಲ್ಲಿ ನೋಡಿದವಳು ನಾನು. ಮರುದಿನವೇ ನಿಪ್ಪಾಣಿಯ ಮನೋವೈದ್ಯರ ಬಳಿ ಕರೆದುಕೊಂಡು ಹೋದೆ.

ಡಾಕ್ಟರು ಕೇಳಿದರು: "ನಿಮ್ಮ ಬಗ್ಗೆ ನೀವ ಒಂದ ಒಳ್ಳೇ ಮಾತ ಹೇಳ್ರಿ ನೋಡೋಣ."

ಅವನು ಫ್ಯಾನನ್ನು ನೋಡಿದ, ನೆಲ ನೋಡಿದ, ಕೊನೆಗೆ ಹೇಳಿದ: "ನಮ್ಮ ಅಕ್ಕ ಭಾಳ ಶಿಸ್ತಿನಾಕಿರಿ."

"ಅಕ್ಕನ ಬಗ್ಗೆ ಅಲ್ರಿ. ನಿಮ್ಮ ಬಗ್ಗೆ."

"ನಾ ಅಕಿ ತಮ್ಮರಿ."

ಡಾಕ್ಟರು ಪೆನ್ನು ಕೆಳಗಿಟ್ಟರು. ಒಂದಿಷ್ಟು ಗುಳಿಗೆ ಬರೆದುಕೊಟ್ಟು, ಜೊತೆಗೆ ಇನ್ನೊಂದು ಔಷಧ ಹೇಳಿದರು: "ನಿಮ್ಮ ಜೀವನಾನ ಬರೀರಿ. ದಿನಾ ಸ್ವಲ್ಪ. ಬರದಂಗ ಬರದಂಗ ನಿಮ್ಮ ಬೆಲೆ ನಿಮಗ ಗೊತ್ತಾಕ್ಕೈತಿ."

ತಮ್ಮ ಮರುದಿನವೇ ಬರೆದು ಮುಗಿಸಿ ತಂದ. ಪೂರ್ತಿ ಆತ್ಮಕಥೆ ಹೀಗಿತ್ತು: 'ಹುಟ್ಟಿದೆ. ಭಾಂಡಿ ಅಂಗಡಿ. ಎಲ್ಲರೂ ಕ್ಷಮಿಸಬೇಕು.'

"ಇಷ್ಟ ಏನೋ ಅರವತ್ತೆರಡ ವರ್ಷದ ಬಾಳ್ವೆ?"

"ವಾಟಿ ಅಂಚಿನ ಮ್ಯಾಲ ಇಷ್ಟ ಹಿಡಸ್ತೈತಿ ಅಕ್ಕಾ."

"ಇದು ವಾಟಿ ಅಲ್ಲೋ, ಇನ್ನೂರ ಪುಟದ ಬುಕ್ಕ!"

"ಹಂಗಾರ ಹಂಡೇ ಅಂತ ತಿಳ್ಕೊಂಡ ಬರೀತೀನಿ ತಗೋ."

ಇನ್ನು ಇವನನ್ನು ಇವನ ಪಾಡಿಗೆ ಬಿಟ್ಟರೆ ನಡೆಯದೆಂದು ನಾನೇ ವೇಳಾಪಟ್ಟಿ ಹಾಕಿದೆ. ಬೆಳಿಗ್ಗೆ ಆರೂ ಹತ್ತರಿಂದ ಏಳರವರೆಗೆ ಬರವಣಿಗೆ, ಏಳಕ್ಕೆ ತಪಾಸಣೆ. ಮೊದಲ ಅಧ್ಯಾಯ 'ನನ್ನ ಜನನ'. ನಲವತ್ತು ಪುಟ ಬರೆದ. ಸೂಲಗಿತ್ತಿ ಬಂದಳು, ಅವಳ ಮೊಮ್ಮಗಳ ಕೆಮ್ಮು ಬಂತು, ಅಪ್ಪನ ಅಂಗಡಿಯ ತಕ್ಕಡಿ ಬಂತು, ಸೋದರಮಾವ ಅಥಣಿಯಿಂದ ಬಂದ. ಇವನು ಮಾತ್ರ ಬರಲೊಲ್ಲ!

"ಅಲ್ಲೋ, ನೀ ಯಾವಾಗ ಹುಟ್ಟತಿ?" ಎಂದೆ.

"ಬಂದವರೆಲ್ಲಾ ಆರಾಮ ಕುಂದರ್ಲಿ ಅಕ್ಕಾ. ಆಮ್ಯಾಲ ಬರ್ತೀನಿ."

ಅಂತೂ ನಲವತ್ತೊಂದನೆಯ ಪುಟದಲ್ಲಿ ಹುಟ್ಟಿದ. ತಾಯಿಗೆ ನೋವು ಕೊಟ್ಟಿದ್ದಕ್ಕೆ ಕ್ಷಮೆ ಕೇಳುತ್ತಲೇ ಹುಟ್ಟಿದ. ಅಲ್ಲಿಂದ ಮುಂದೆ ಪುಟಕ್ಕೊಬ್ಬರಿಗೆ ಕ್ಷಮೆ. ಒಂದೇ ರಾಗವೆಂದು ಕೆಲವು ದಿನದಲ್ಲೇ ನಾನು ತಪಾಸಣೆಯಲ್ಲಿ ಓದುವುದನ್ನು ಬಿಟ್ಟು ಬರೇ ಪುಟ ಎಣಿಸತೊಡಗಿದೆ. ಆದರೂ ಬರೆಯುತ್ತ ಹೋದಂತೆ ಊಟ ತುಸು ಹೆಚ್ಚಿತು, ಮುಖಕ್ಕೆ ಒಂದಿಷ್ಟು ರಕ್ತ ಬಂತು. ಔಷಧ ನಾಟುತ್ತಿದೆ ಎಂದು ನಾನು ಹಿಗ್ಗಿದೆ.

ಈಗ ಎಪ್ಪತ್ತನೆಯ ಪುಟ. ಆರೂ ಇಪ್ಪತ್ತಕ್ಕೆ ಓದಿದೆ. ಇದ್ದಂತೆಯೇ ಇಲ್ಲಿ ಇಳಿಸುತ್ತೇನೆ:

'ನಾನು ಒಂಬತ್ತು ವರ್ಷದವನಿದ್ದಾಗ ಅಕ್ಕ ಅಡುಗೆಮನೆಯ ಬಾಗಿಲ ಹಿಂದೆ ಸೀಮೆಸುಣ್ಣದಿಂದ ಮನೆಯ ಐದು ಮಕ್ಕಳ ಹೆಸರು ಬರೆದಿದ್ದಳು. ಸ್ನಾನ, ಪಾಠ, ನೀರು ಸೋಸುವುದು, ಹಾಸಿಗೆ ಸುತ್ತುವುದು, ಎಲ್ಲಕ್ಕೂ ಅಂಕ ಕೊಡುತ್ತಿದ್ದಳು. ಸಂಜೆ ಎಲ್ಲರ ಮುಂದೆ ಓದುತ್ತಿದ್ದಳು. ನನಗೆ ದಿನಾಲೂ ಸೊನ್ನೆ. ಬಂದ ನೆಂಟರು ನಗುತ್ತಿದ್ದರು. ಅಷ್ಟು ಸೊನ್ನೆ ಬರೆಯುವ ತೊಂದರೆ ಅಕ್ಕನಿಗೆ ಕೊಟ್ಟೆನಲ್ಲ, ಅದಕ್ಕೆ ಕ್ಷಮೆ ಇರಲಿ.'

ಚಹಾ ಆರಿತು. ತಪ್ಪು ಮಾಡಿದವಳು ನಾನು, ಕ್ಷಮೆ ಕೇಳಿದವನು ಅವನು! ನಿಪ್ಪಾಣಿಯ ಡಾಕ್ಟರು ಮೂರು ತಿಂಗಳಿಂದ ಯಾವ ರೋಗದ ಬೇರು ಹುಡುಕುತ್ತಿದ್ದರೋ ಅದು ಅವರ ಎದುರಿಗೇ ಕುರ್ಚಿಯಲ್ಲಿ ಫೈಲು ಹಿಡಿದು ಕೂತಿತ್ತೇ?

ಕೂಡಲೇ ನನ್ನೊಳಗೇ ವಾದ ಎದ್ದಿತು. ನನಗಾಗ ಹದಿನೈದು ವರ್ಷ. ಅವ್ವ ಹಾಸಿಗೆ ಹಿಡಿದಿದ್ದಳು, ಮನೆ ನಡೆಯಬೇಕಿತ್ತು. ಅಲ್ಲದೆ ಆಮೇಲೆ ಅವನು ಸುಧಾರಿಸಿದನಲ್ಲ! ಯಾವುದೋ ಒಂದು ದಿನದಿಂದ ಮುಂದೆ ಅವನಿಗೆ ಸೊನ್ನೆ ಹಾಕಿದ ನೆನಪೇ ನನಗಿಲ್ಲ. ಶಿಸ್ತು ಫಲಿಸಿತು ಎಂದುಕೊಂಡಿದ್ದೆನಲ್ಲ! ಹೀಗೆ ಹೇಳಿಕೊಂಡರೂ ಕೂತಲ್ಲಿ ಕೂಡಲಾಗಲಿಲ್ಲ. ಅವಲಕ್ಕಿಗೆ ಎರಡು ಸಲ ಉಪ್ಪು ಹಾಕಿದೆ. ಇವತ್ತಿನ ಪಟ್ಟಿಯಲ್ಲಿ ಹನ್ನೊಂದು ಕೆಲಸಗಳಿದ್ದವು. ಕೆಳಗೆ ಹನ್ನೆರಡನೆಯದನ್ನು ಬರೆದೆ: 'ತಮ್ಮನ ಕ್ಷಮೆ ಕೇಳುವುದು.' ಬರೆದ ಮೇಲೆ ಆ ಕೆಲಸವನ್ನೇ ಮೊದಲು ಮಾಡಬೇಕೆನಿಸಿತು.

ಏಳೂಕಾಲಿಗೆ ಪಕ್ಕದ ಅವನ ಮನೆಗೆ ಹೋದೆ. ತಮ್ಮನ ಹೆಂಡತಿ ಅಂಗಳ ಗುಡಿಸುತ್ತಿದ್ದಳು.

"ಇವತ್ತ ಅವರ ಎಲ್ಲಿ ಸಿಗತಾರ್ರಿ ಅಕ್ಕಾರ? ಇವತ್ತ ಅವರ ದೀಪಾವಳಿ! ಬಸ್ತಿಗೆ ಹೋಗ್ಯಾರ ನೋಡ್ರಿ."

ಇವಳಾದರೂ ಅವನನ್ನು ಹೇಗೆ ಕಟ್ಟಿಕೊಂಡಳು ಅಂತೀರಿ? ಕಾಗವಾಡಕ್ಕೆ ಹೆಣ್ಣು ನೋಡಲು ಹೋದಾಗ ತಮ್ಮ ಇವಳ ಅಪ್ಪನಿಗೆ, "ನನ್ನಕಿಂತ ಚಲೋ ಹುಡುಗರ ಅಥಣ್ಯಾಗ ಇಬ್ಬರ ಅದಾರ್ರಿ" ಎಂದು ವಿಳಾಸವನ್ನೂ ಬರೆದುಕೊಟ್ಟಿದ್ದ. ಬಾಗಿಲ ಹಿಂದೆ ಕಿಸಕ್ಕನೆ ನಕ್ಕ ಹುಡುಗಿ, "ಲಗ್ನ ಆದ್ರ ಇವರನ್ನ" ಎಂದಳು. ಯಾಕವ್ವಾ ಎಂದು ನಾನು ಎಷ್ಟೋ ವರ್ಷದ ಮೇಲೆ ಕೇಳಿದೆ. "ಉಳಿದವರೆಲ್ಲಾ ತಮ್ಮನ್ನ ಮಾರಾಕ ಬಂದಿದ್ರರಿ. ಇವರೊಬ್ಬರ ಖರೇ ಹೇಳಾಕ ಬಂದಿದ್ರು" ಎಂದಳು.

ಬಸದಿಗೆ ಹೋದೆ. ಅವನು ಆಗಷ್ಟೇ ಹೊರಟುಹೋಗಿದ್ದ. ಹಳೇ ಗಣಿತ ಮಾಸ್ತರರ ಮನೆಗೆ ಹೋದೆ. ಮಾಸ್ತರರು ಕಿವಿಯ ಹಿಂದೆ ಕೈ ಹಿಡಿದು, "ಬಂದಿದ್ದ! ನಾ ಅವಂಗ ಛಡಿಲೆ ಹೊಡದಾಗ ನನ್ನ ಕೈ ಉಳುಕಿತ್ತಂತ, ಅದಕ್ಕ ಕ್ಷಮಾ ಕೇಳಿ ಹ್ವಾದ. ಇಷ್ಟ ವರ್ಷ ಆದ ಮ್ಯಾಲ ಈ ಕೈ ಯಾಕ ನೋಯ್ತೈತಿ ಅಂತ ಇವತ್ತ ತಿಳೀತ ನೋಡ!" ಎಂದರು. ಹತ್ತೂವರೆಗೆ ಬಸ್ ಸ್ಟ್ಯಾಂಡು: ಅಲ್ಲೂ ಇಲ್ಲ. ಕ್ಷಮೆ ಕೇಳುವವನನ್ನು ಕ್ಷಮೆ ಕೇಳಲು ಬೆನ್ನಟ್ಟುವುದೆಂದರೆ! ದಾರಿಯಲ್ಲಿ ಸಿಕ್ಕವರೆಲ್ಲ "ಕ್ಷಮಾ ಮಾಡ್ರಿ ನರ್ಸಬಾಯಿ" ಎಂದು ಕೈಮುಗಿಯುವವರೇ. ನಿಲ್ಲದೆ "ಮಾಡೀನಿ, ಮಾಡೀನಿ" ಎನ್ನುತ್ತ ನಡೆದೆ.

ಬಳೆ ಅಂಗಡಿಯ ಚಾಚಿ ನನ್ನನ್ನು ತಡೆದು ಕಟ್ಟೆಯ ಮೇಲೆ ಕೂರಿಸಿದಳು.

"ನಿಮ್ಮ ತಮ್ಮ ಬಂದಿದ್ದ. ಪ್ರತಿ ವರ್ಷದ್ದ ಹಾಡು ಅದ. ನನ್ನ ಕೊಡದ ಮ್ಯಾಲ ಕಡೀ ಅಕ್ಷರ ಸೊಟ್ಟ ಕೊರದೀನಿ ಅಂತಾನ. ತಡೀರಿ, ತೋರಸ್ತೀನಿ."

ಹೊಳೆಯುವ ಹಿತ್ತಾಳೆಯ ಕೊಡ ತಂದಳು. ಹೌದು, ಕೊನೆಯ ಅಕ್ಷರ ಕುಡಿದವನ ಹಾಗೆ ವಾಲಿತ್ತು.

"ಶಾದಿ ಮನ್ಯಾಗ ಇಪ್ಪತ್ತ ಕೊಡ ಕೂಡ್ತಾವರಿ. ಎಲ್ಲಾರವೂ ಅದಲಬದಲ ಆಗತಾವ. ನಂದ ಮಾತ್ರ ಮೂವತ್ತ ವರ್ಷ ಆತು, ಯಾರ ಮನೀಗೂ ತಪ್ಪಿ ಹೋಗಿಲ್ಲ. ಯಾಕ? ಸೊಟ್ಟ ಐತಲ್ಲ! ನಂಗ ಓದಾಕ ಬರೂದಿಲ್ಲ, ಸೊಟ್ಟ ನೋಡೇ ಗುರ್ತ ಹಿಡೀತೀನಿ. ಆ ಹುಚ್ಚಗ ಹೇಳ್ರಿ. ನಮ್ಮ ಓಣ್ಯಾಗ ಯಾರ ಅಡಗಿಮನಿ ಹೊಕ್ಕರೂ ಅವನ ಅಕ್ಷರ ಅದಾವ."

ಮನೆಗೆ ಬಂದು ಪಟ್ಟಿಯ ಉಳಿದ ಕೆಲಸಗಳನ್ನು ಮಾಡಿದೆ, ಕೆಲವನ್ನು ಎರಡೆರಡು ಸಲ. ಮಡಚಿದ ಸೀರೆಯನ್ನೇ ಮತ್ತೆ ಬಿಚ್ಚಿ ಮಡಚಿದೆ. ನಾಲ್ಕೂ ಮುಕ್ಕಾಲಿಗೆ ತಮ್ಮನ ಹೆಂಡತಿ ಗೋಡೆಯಾಚೆಯಿಂದ ಕೂಗಿದಳು: "ಅಕ್ಕಾರ, ಅಂಗಡ್ಯಾಗ ಅದಾರಂತ!"

ಹೋದೆ. ಅವನು ಪಾತ್ರೆಗಳ ನಡುವೆ ಸ್ಟೂಲಿನ ಮೇಲೆ ಕೂತಿದ್ದ. ನನ್ನನ್ನು ಕಂಡವನೇ ಎದ್ದ. "ಅಕ್ಕಾ, ಕ್ಷಮಾ..."

"ಬಾಯಿ ಮುಚ್ಚು. ಈ ಸಲ ನನ್ನ ಪಾಳಿ." ನಾನು ಎರಡೂ ಕೈ ಮುಗಿದೆ.

ಯಾರಿಗೆ ಮುಗಿಯುತ್ತಿದ್ದೇನೆಂದು ಅವನು ಹಿಂದೆ ತಿರುಗಿ ನೋಡಿದ. ಹಿಂದೆ ಇದ್ದದ್ದು ಇಡ್ಲಿ ಪಾತ್ರೆ!

"ನಿನಗೋ, ನಿನಗ! ಎಪ್ಪತ್ತನೇ ಪುಟಾ ಓದೇನಿ. ನಂದ ತಪ್ಪಾತು."

ಅವನು ಗಾಬರಿಯಾಗಿ ನನ್ನ ಕೈಗಳನ್ನು ಹಿಡಿದು ಕೆಳಗಿಳಿಸಲು ನೋಡಿದ. ನಾನು ಬಿಡಲಿಲ್ಲ. ಆದರೆ ನನ್ನ ವಾದವೂ ನನ್ನನ್ನು ಬಿಟ್ಟಿರಲಿಲ್ಲ. ಕೇಳಿಯೇಬಿಟ್ಟೆ: "ಆದ್ರ ಆಮ್ಯಾಲ ಸುಧಾರಿಸಿದಿ ಹೌದಲ್ಲೋ? ಸೊನ್ನಿ ನಿಂತಾವಲ್ಲ?"

ಅವನು ಒಂದು ಲೋಟ ತೆಗೆದು ಒರೆಸತೊಡಗಿದ.

"ಸುಧಾರಿಸಲಿಲ್ಲಕ್ಕಾ. ಒಂದಿನ ತೊಯ್ದ ಅರಿವೀಲೆ ನನ್ನ ಹೆಸರ ನಾನ ಒರಸಿಬಿಟ್ನಿ. ಸಂಜಿಕ ನೀ ನಾಕ ಹೆಸರ ಓದಿ ಮುಗಸಿದಿ. ಯಾರಿಗೂ ಗೊತ್ತಾಗ್ಲಿಲ್ಲ. ಭಾಳ ಆರಾಮಾತು ನನಗ."

ನಲವತ್ತು ಹಾಸಿಗೆಯ ವಾರ್ಡಿನಲ್ಲಿ ಒಂದು ಖಾಲಿಯಾದರೂ ಬಾಗಿಲಲ್ಲಿ ಕಾಲಿಡುತ್ತಲೇ ಕಂಡುಹಿಡಿಯುತ್ತಿದ್ದವಳು ನಾನು. ಮನೆಯ ಐದರಲ್ಲಿ ಒಂದು ಕಡಿಮೆಯಾದದ್ದು ನನಗೆ ಕಾಣಲಿಲ್ಲ. ಇಷ್ಟು ವರ್ಷ ಅದನ್ನೇ ಶಿಸ್ತು ಎಂದುಕೊಂಡು ಓಡಾಡಿದೆ.

ಹಲಗೆಯ ಮೇಲಿಂದ ಒಂದು ತಾಮ್ರದ ತಂಬಿಗೆ ತೆಗೆದು ಅವನ ಮುಂದಿಟ್ಟೆ.

"ಹೆಸರ ಹಾಕು."

"ಯಾರದಕ್ಕಾ?"

"ನಿಂದು."

"ನಂದ್ಯಾಕ? ಯಾರ ನೋಡ್ತಾರ..."

"ಗಿರಾಕಿ ನಾನು. ಗಿರಾಕಿ ಹೇಳಿದ್ದ ಹಾಕೋದಷ್ಟ ನಿನ್ನ ಕೆಲಸ."

ಮಷಿನ್ನಿನ ಮೇಲಿನ ಬಟ್ಟೆ ತೆಗೆದ. ಅರವತ್ತೆರಡು ವರ್ಷದಲ್ಲಿ ಮೊದಲ ಸಲ ತನ್ನ ಹೆಸರು ಕೊರೆದ.

"ಕ್ಷಮಾ ಮಾಡಕ್ಕಾ, ಕಡೀ ಅಕ್ಷರ ಸೊಟ್ಟ ಆತು."

"ಇರ್ಲಿ. ತಪ್ಪಿ ಮಂದಿ ಮನೀಗೆ ಹೋಗಂಗಿಲ್ಲ" ಎಂದೆ. ಚಾಚಿಯ ಮಾತನ್ನೇ ಎರವಲು ತಂದಿದ್ದೆ.

ಸಂಜೆ ಐದೂ ಐವತ್ತು. ತಮ್ಮ, ಅವನ ಹೆಂಡತಿ ಇಬ್ಬರಿಗೂ ಇವತ್ತು ನಮ್ಮಲ್ಲೇ ಊಟ. ಹೊತ್ತು ಮುಳುಗುವ ಮೊದಲು ಊಟ ಮುಗಿಯಬೇಕು. ತಂಬಿಗೆ ತೊಳೆದು, ಸೋಸಿದ ನೀರು ತುಂಬಿ, ತಾಟುಗಳ ನಡುವೆ ಇಟ್ಟೆ. ಆಮೇಲೆ ಅಡುಗೆಮನೆಯ ಬಾಗಿಲಲ್ಲಿ ನಿಂತು ತಂಬಿಗೆಯ ಮೇಲಿದ್ದ ಹೆಸರನ್ನು ಓದಿ, ಹಿಂದೆ ಸಂಜೆಗಳಲ್ಲಿ ಕೂಗುತ್ತಿದ್ದಂತೆ ಗಟ್ಟಿಯಾಗಿ ಕೂಗಿದೆ.

"ಅದೀನಕ್ಕಾ" ಎಂದ, ಅಂಗಳದಿಂದ.

ಹನ್ನೆರಡನೆಯ ಕೆಲಸಕ್ಕೆ ಗುರುತು ಹಾಕಿ ಪಟ್ಟಿ ಮಡಚಿಟ್ಟೆ.