ನಮ್ಮ ಮಾಮಾನ ಹಡಗಿನ ವಖಾರಿ

ನಮ್ಮ ಮಾಮಾನಷ್ಟು ಸಮುದ್ರ ಬಲ್ಲಾಂವ ಈ ಕಡೆ ಇನ್ನೊಬ್ಬ ಇಲ್ಲ ಅಂತ ನಾ ಪಂಥಾ ಕಟ್ಟಿ ಹೇಳ್ತೀನಿ. ಹಂಗಂತ ಅವಗ ಈಜು ಬರತೈತೇನು? ಇಲ್ಲ! ಹಡಗ ಹತ್ತ್ಯಾನೇನು? ಒಂದ ಸಲ ಹತ್ತಿದ್ದ. ದಂಡಿ ಬಿಡೂದಕ್ಕಿಂತ ಮೊದಲ ವಾಂತಿ ಮಾಡಿ ಇಳದು ಬಂದ. ಹುಟ್ಟಿದ್ದು ರಾಯಬಾಗ ತಾಲೂಕಿನ ಅಲಖನೂರಾಗ. ಅಲ್ಲಿ ಕಬ್ಬಿಗೆ ಬಿಟ್ಟ ನೀರು ಬಿಟ್ರ ಬ್ಯಾರೆ ನೀರು ಹರಿಯೂದ ನೋಡಿದಾವರು ಕಡಿಮಿ. ಇಂಥಾ ಮನಷ್ಯಾ ಸಮುದ್ರದ ದಂಡಿ ಮ್ಯಾಲಿನ ಒಂದು ಊರಾಗ ಮೂವತ್ತು ವರ್ಷ ನೌಕಾಪಡೆಯ ಇತಿಹಾಸ ಬರಕೋತ, ಹಡಗಿನ ವಸ್ತುಸಂಗ್ರಹಾಲಯ ನೋಡಿಕೋತ ಕುಂತಿದ್ದ!

ಹೆಣ್ಣು ನೋಡಾಕ ಹೋದಾಗ ಹುಡುಗಿ ಅಪ್ಪ ಕೇಳಿದ್ರಂತ, "ಹುಡುಗ ಏನ ಮಾಡ್ತಾನ್ರಿ?"

"ಮುಳುಗಿದ ಹಡಗ ಯಾಕ ಮುಳುಗಿದ್ವು ಅಂತ ಬರೀತಾನ್ರಿ" ಅಂದ ನಮ್ಮ ಅಜ್ಜ, ಭಾಳ ಹೆಮ್ಮಿಯಿಂದ.

"ಮುಳುಗೂಕಿಂತ ಮೊದಲ ಹೇಳಿದ್ರ ಉಪಯೋಗ ಆಗತಿತ್ತಲ್ರಿ!" ಅಂತ ಅವರು ಎದ್ದು ಒಳಗ ಹೋದ್ರು. ಅವಲಕ್ಕಿ ಸುದ್ದಾ ಹೊರಗ ಬರಲಿಲ್ಲ. ಹಿಂಗ ಮೂರು ಮನಿ ಆದ ಮ್ಯಾಲೆ ಮಾಮಾ ಲಗ್ನದ ಮಾತ ಬಿಟ್ಟ. ನಮ್ಮವ್ವ ಇವತ್ತಿಗೂ ಅದನ್ನ ನೆನಸಿ ಸೆರಗ ಕಣ್ಣಿಗೆ ಹಚ್ಚತಾಳ.

ನಾವು ಜೈನರು. ನೀರು ಸೋಸದ ಕುಡಿಯೂದಿಲ್ಲ, ಹೊತ್ತು ಮುಳುಗಿದ ಮ್ಯಾಲೆ ಉಣ್ಣೂದಿಲ್ಲ. ಇರಿವಿ ಕಂಡ್ರ ದಾಟಿ ನಡಿಯೋ ಮಾಮಾ, ಯಾವ ತೋಪಿನ ಗುಂಡು ಎಷ್ಟು ದೂರ ಹೋಗತಿತ್ತು ಅಂತ ಚಂದಂಗ ಬರದು ಫಲಕ ಹಚ್ಚತಿದ್ದ! ಒಮ್ಮೆ ಅಲ್ಲಿ ದೊಡ್ಡ ಸಾಹೇಬರ ಔತಣ. ಊಟ ರಾತ್ರಿ ಎಂಟಕ್ಕ. ಮಾಮಾ ಸಂಜಿ ಐದೂವರೆಗೇ ಒಂದು ಹಳೇ ತೋಪಿನ ಬಾಜೂಕ ಚಾಪಿ ಹಾಸಿ, ಡಬ್ಬಿ ಬಿಚ್ಚಿ, ಚಪಾತಿ ಪಲ್ಯ ಉಣ್ಣಾಕ ಕುಂತ. ಲಗೂನ ಬಂದಿದ್ದ ಪರದೇಶದ ಪಾವಣ್ಯಾರು ಇದು 'ಹಳೇ ಕಾಲದ ನಾವಿಕನ ಊಟ' ಅನ್ನೋ ಪ್ರದರ್ಶನ ಅಂತ ತಿಳಕೊಂಡು ಫೋಟೋ ತಗಿಯಾಕತ್ರು. "ಮತ್ತ ನೀ ಏನ ಮಾಡಿದಿ?" ಅಂತ ಕೇಳಿದೆ. "ಏನ ಮಾಡ್ಲಿ? ಅವರಿಗೆ ಬ್ಯಾಸರ ಆಗಬಾರದು ಅಂತ ತುತ್ತ ಹಿಡದು ಹಂಗ ಕುಂತೆ" ಅಂದ.

ನಗಬ್ಯಾಡ್ರಿ. ಫಲಕದ ವಿಷಯದಾಗ ಮಾತ್ರ ಈ ಮನಷ್ಯಾ ಕಬ್ಬಿಣದ ಕಡಲಿ. ಒಬ್ಬ ಮೇಲಧಿಕಾರಿ, "ಈ ತೋಪು ಯುದ್ಧ ಗೆದ್ದುಕೊಟ್ಟಿತು ಅಂತ ಬರಿ" ಅಂದ್ರಂತ. "ಇದು ಒಂದ ಸಲಾನೂ ಹಾರಿಲ್ರಿ" ಅಂದ ಮಾಮಾ. ಹಾರದ ತೋಪಿನ ಸಲುವಾಗಿ ಎರಡು ವರ್ಷ ಅವನ್ನ ನೆಲಮಾಳಿಗಿಯೊಳಗ ಹಳೇ ಹಗ್ಗ ಕಾಯಾಕ ಹಾಕಿದ್ರು. ಕಾದ. ಒಂದಕ್ಷರ ತಿದ್ದಲಿಲ್ಲ.

ನಿವೃತ್ತಿ ಆದ ಮ್ಯಾಲೆ ನಿಪ್ಪಾಣಿಗೆ ಬಂದ. ಅಲ್ಲಿ ನಮ್ಮ ಅಜ್ಜನ ತಂಬಾಕಿನ ವಖಾರಿ ಖಾಲಿ ಬಿದ್ದಿತ್ತು. ಅದರಾಗ 'ಕೃಷ್ಣಾ ನದಿಯ ನೌಕಾ ಸಂಗ್ರಹಾಲಯ' ತಗದ! ಹರಗೋಲು, ಮುರಕ ಹುಟ್ಟು, ತೂತು ಬಿದ್ದ ನಾವಿ. ತಂಬಾಕಿನ ಘಾಟು ಮಾತ್ರ ಗ್ವಾಡಿ ಬಿಟ್ಟು ಹೋಗಿರಲಿಲ್ಲ. ಬಂದಾವರು ನೋಡಿದ್ದಕ್ಕಿಂತ ಸೀನಿದ್ದ ಹೆಚ್ಚು. ನಾ ಅಲ್ಲೇ ಹೈಸ್ಕೂಲಿನಾಗ ಮಾಸ್ತರಿಣಿ. ಐತವಾರ ಬಂದ್ರ ಧೂಳ ಜಾಡಸೂ ಕೆಲಸ ನನಗ ಕಟ್ಟಿಟ್ಟದ್ದು.

ಹಂಗ ಒಂದು ಐತವಾರ ಕಾಗವಾಡ ಕಡೆಯಿಂದ ಒಬ್ಬಾಂವ ಟ್ರ್ಯಾಕ್ಟರಿನಾಗ ಬೆಲ್ಲಾ ಕುದಸೂ ದೊಡ್ಡ ಕಡಾಯಿ ಹೇರಿಕೊಂಡು ಬಂದ. ನಮ್ಮ ಕಡೆ ಹೊಳಿಗೆ ನೆರಿ ಬಂದ್ರ ಮಂದಿ ಗಾಣದ ಕಡಾಯಿ ನೀರಿಗಿಳಿಸಿ, ಅದರಾಗ ಕುಂತು ಪಾರಾಗೂದು ಗೊತ್ತಿದ್ದದ್ದ ಐತಿ.

"ಮಾಮಾ, ಬೆಲ್ಲದ ಕಡಾಯೀನೂ ಹಡಗ ಏನು?" ಅಂತ ನಾ ಕಿಸಕ್ಕನೆ ನಕ್ಕೆ.

ಬಂದಾಂವ ನಗಲಿಲ್ಲ. "ಸಾಹೇಬ್ರ, ದೊಡ್ಡ ಹೊಳಿ ಬಂದಾಗ ಇದರಾಗ ಊರ ಮಂದೀನ ನಾನ ದಾಟಿಸೇನ್ರಿ. ಕಡೀ ಸಲ ದಾಟುವಾಗ ಒಂಬತ್ತ ಮಂದಿ ಇದ್ವಿ. ನಡುವ ಕಡಾಯಿ ವಾಲಿತು. ಎಂಟ ಮಂದಿ ದಂಡಿ ಹತ್ತಿದ್ವಿ. ನನ್ನ ಮಗಳು ಸಿಗಲಿಲ್ರಿ" ಅಂದ. ನಾ ಧೂಳ ಜಾಡಸೂ ಅರಿವಿ ಕೆಳಗಿಟ್ಟೆ.

"ಹೆಂಡ್ತಿ ಅವತ್ತಿನಿಂದ ನನ್ನ ಕೂಡ ಮಾತ ಬಿಟ್ಟಾಳ್ರಿ. ರೊಟ್ಟಿ ಬಡದು ಹಾಕತಾಳ, ಮಾತಿಲ್ಲ. ಹೆಚ್ಚಿಗಿ ಮಂದೀನ ಹತ್ತಿಸಿ ಮಗಳನ್ನ ಕೊಂದಿ ಅಂತ ಅಕಿ ಮನಸಿನಾಗ ಐತಿ. ಆದ್ರ ಯಾರನ್ನ ಬಿಟ್ಟು ಬರ್ಲಿರಿ? ಎಲ್ಲಾರೂ ಮಾಳಗಿ ಮ್ಯಾಲೆ ನಿಂತು ಅಳತಿದ್ರು. ನೀವು ಹಡಗ ಮುಳುಗಿದ್ದರ ತಪಾಸಣಿ ಬಲ್ಲಾವರು. ತಪ್ಪು ನಂದೋ ಹೊಳೀದೋ ನೋಡಿ ಹೇಳ್ರಿ. ನೀವು ಬರದದ್ದು ಅಕಿ ನಂಬತಾಳ."

ಮಾಮಾ ತಪಾಸಣಿಗೆ ನಿಂತ. ಯುದ್ಧದ ಹಡಗಿಗೂ ಅಷ್ಟು ಮಾಡಿರಲಿಕ್ಕಿಲ್ಲ! ಕಡಾಯಿ ಸುತ್ತ ಟೇಪ ಹಿಡದ, ಅಂಚಿನ ಎತ್ತರ ಅಳದ. ಒಂದಿನ ಅದನ್ನ ಪರಿಚಯದವರ ಹೊಲದಾಗಿನ ಹೊಂಡಕ್ಕ ಒಯ್ದು ನೀರಿಗಿಳಿಸಿದ್ವಿ. ಒಬ್ಬೊಬ್ಬ ಮನಷ್ಯಾಗ ಒಂದೊಂದು ಉಸುಕಿನ ಚೀಲ. ನಾ ಹಗ್ಗ ಹಿಡಕೊಂಡು ದಂಡಿ ಮ್ಯಾಲೆ ನಿಂತೆ. ನೀರಂದ್ರ ಹೆದರೋ ಮಾಮಾ ಎದಿಮಟ ನೀರಾಗ ನಡಗಕೋತ ನಿಂತು ಚೀಲ ಏರಿಸಿದ.

"ಏನ ನಡದೈತ್ರಿ ಅಕ್ಕಾರ?" ಅಂತ ಮ್ಯಾವು ಹೊತ್ತು ಹೊಂಟಿದ್ದ ಒಬ್ಬಾಕಿ ಕೇಳಿದಳು.

"ಕಡಾಯಿ ತಪಾಸಣಿ."

"ಬೆಲ್ಲಾ ಹಾಕ್ರಿ, ಉಸುಕ ಯಾಕ ಹಾಕ್ತೀರಿ!" ಅಂತ ನಕ್ಕಳು.

ಆರು ಚೀಲಕ್ಕ ಕಡಾಯಿ ತೇಲಿತು. ಏಳನೇದು ಇಟ್ಟ ಕೂಡಲೆ ನೀರು ಅಂಚು ದಾಟಿ ಒಳಗ ಬಂತು. ಅದೂ ನಿಂತ ನೀರಾಗ! ಮಾಮಾ ತ್ವಾಯ್ಸಿಕೊಂಡ ಕೈಯಿಂದ್ಲೇ ವಹಿಯಾಗ 'ಆರು' ಅಂತ ಬರದ. ಮನಿಗೆ ಬಂದಾಗ ಹೊತ್ತು ಇನ್ನೂ ಮ್ಯಾಲಿತ್ತು. ಅವ್ವ ತಾಟ ಹಚ್ಚಿ ಕರದ್ರೂ ಉಣ್ಣಲಿಲ್ಲ. ಮರುದಿನಾನೂ ಹಂಗ. "ಏನಾಗೈತೋ ತಮ್ಮಾ?" ಅಂದ್ರ, "ಹಸಿವಿಲ್ಲಕ್ಕಾ" ಅಂತಿದ್ದ. ಮುಖ ನೋಡಾಕ ಆಗತಿರಲಿಲ್ಲ.

ವಾರದ ಮ್ಯಾಲೆ ಫಲಕ ಬಂತು. ಕನ್ನಡದಾಗ, ಕೆಳಗ ಮರಾಠಿಯೊಳಗ, ಎಲ್ಲಾ ತನ್ನ ಕೈಯಿಂದ್ಲೇ ಬರದಿದ್ದ. ಮೊದಲ ಆ ಮಗಳ ಹೆಸರು. ಆಮ್ಯಾಲೆ: 'ಹೊರುವ ಸಾಮರ್ಥ್ಯ: ಹತ್ತು ಜನ. ಮುಳುಗಲು ಕಾರಣ: ನದಿಯ ಸುಳಿ. ನಡೆಸಿದವರಿಂದ ಯಾವ ತಪ್ಪೂ ಆಗಿಲ್ಲ.'

ನಾ ಎರಡು ಸಲ ಓದಿದೆ. "ಮಾಮಾ, ವಹಿಯಾಗ..."

"ಬಣ್ಣ ಹಸಿ ಐತಿ, ಮುಟ್ಟಬ್ಯಾಡ" ಅಂದ. ನಾ ಧೂಳ ಜಾಡಸೂ ನೆವಾ ಮಾಡಿ ಆ ಕಡೆ ಹೊಳ್ಳಿ ಕಣ್ಣ ಒರಸಿಕೊಂಡೆ. ಹೌದ್ರಿ, ನಾ ಅತ್ತಬಿಟ್ಟೆ. ಮುಚ್ಚಿಡೂದೇನೈತಿ?

ಮುಂದಿನ ಐತವಾರ ಆತ ಹೆಂಡ್ತೀನ ಕರಕೊಂಡು, ಚಿಕ್ಕೋಡಿಯಾಗ ಬಸ್ ಬದಲಿಸಿ ಬಂದ. ಅಕಿ ಅವನಿಂದ ನಾಕು ಹೆಜ್ಜಿ ಹಿಂದ. ಆತ ಫಲಕದ ಮುಂದ ನಿಂತು ಒಂದೊಂದ ಅಕ್ಷರ ಕೂಡಿಸಿ ಓದಿದ. 'ಹತ್ತು ಜನ' ಅನ್ನೂದನ್ನ ಮತ್ತೊಮ್ಮೆ ಓದಿದ. "ನಾವು ಒಂಬತ್ತ ಇದ್ವಿ" ಅಂದ, ಯಾರಿಗಂತ ತಿಳೀಲಿಲ್ಲ.

ಅಕಿ ಮಾಮಾನ ಕಡೆ ನೋಡಿದಳು. "ಖರೇ ಏನ್ರಿ, ಯಣ್ಣಾ?"

"ಖರೇ ಐತಿ ತಂಗಿ" ಅಂದ ನಮ್ಮ ಮಾಮಾ, ಕಣ್ಣ ಮಿಟಕಸಲಿಲ್ಲ.

ಅಕಿ ಮಗಳ ಹೆಸರಿನ ಮ್ಯಾಲೆ ಕೈ ಆಡಿಸಿದಳು. ಆಮ್ಯಾಲೆ ಸೆರಗಿನಿಂದ ಮುಖಾ ಒರಸಿಕೊಂಡು, ಗಂಡನ ಕಡೆ ಹೊಳ್ಳಿ ಹೇಳಿದಳು:

"ನಡೀರಿ. ಮುಂಜಾನಿಂದ ನೀವು ಏನೂ ತಿಂದಿಲ್ಲ."